ಸೋವಿ ಪ್ರವಾಸ

2022ರ ಬೇಸಿಗೆಯಲ್ಲಿ ಜರ್ಮನಿಯ ಸರ್ಕಾರ ಒಂದು ಟಿಕೆಟ್ ತಂದಿತು. ಯುಕ್ರೇನ್ ಯುದ್ಧದಿಂದಾಗಿ ಪೆಟ್ರೋಲು, ಗ್ಯಾಸು, ಕರೆಂಟು ಎಲ್ಲ ತುಟ್ಟಿಯಾಗಿದ್ದ ಕಾಲ. ಜೂನ್, ಜುಲೈ, ಆಗಸ್ಟ್, ಈ ಮೂರು ತಿಂಗಳ ಮಟ್ಟಿಗೆ ತಿಂಗಳಿಗೆ 9 ಯೂರೋ ಕೊಟ್ಟರೆ ಸಾಕು, ದೇಶದ ಯಾವ ಊರಿನ ಬಸ್ಸು, ಟ್ರಾಮು, ಪ್ಯಾಸೆಂಜರ್ ರೈಲನ್ನಾದರೂ ಎಷ್ಟು ಸಲ ಬೇಕಾದರೂ ಹತ್ತಬಹುದು. ವೇಗದ ರೈಲುಗಳಿಗೆ ಮಾತ್ರ ನಡೆಯುವುದಿಲ್ಲ. ಮೂರು ತಿಂಗಳಲ್ಲಿ ಸುಮಾರು 5 ಕೋಟಿ 20 ಲಕ್ಷ ಟಿಕೆಟ್ ಮಾರಾಟವಾದವು. ವಿದ್ಯಾರ್ಥಿಗಳ ಸೆಮಿಸ್ಟರ್ ಪಾಸು ಕೂಡ ಆ ಮೂರು ತಿಂಗಳು ದೇಶವೆಲ್ಲ ನಡೆಯುತ್ತಿತ್ತು. ಹಾಗಾಗಿ ಅಲ್ಲಿ ಓದುತ್ತಿದ್ದ ನಮ್ಮ ಹುಡುಗ ಹುಡುಗಿಯರಿಗೆ ಅದು ಹೆಚ್ಚು ಕಡಿಮೆ ಪುಕ್ಕಟೆ ಪ್ರವಾಸದ ಕಾಲ. ಐದು ಗಂಟೆಯ ದಾರಿಯನ್ನು ಎಂಟು ಗಂಟೆ, ನಾಲ್ಕು ಕಡೆ ರೈಲು ಬದಲಿಸಿ, ಬಾಗಿಲ ಹತ್ತಿರ ಸೈಕಲ್ಲುಗಳ ನಡುವೆ ನೆಲದ ಮೇಲೆ ಕೂತು ಹೋಗಲು ತಯಾರಿದ್ದರೆ ಆಯಿತು.

ಆಗಸ್ಟ್ ಕೊನೆಯ ಶುಕ್ರವಾರ, ರಾತ್ರಿ ಹತ್ತರ ಮೇಲೆ, ಕೆಮ್‌ನಿಟ್ಸ್ ಎಂಬ ಊರಿನ ಒಂದು ವಿದ್ಯಾರ್ಥಿ ವಸತಿಯ ಅಡುಗೆಮನೆಯಲ್ಲಿ ಇಬ್ಬರು ಕನ್ನಡದ ಹುಡುಗಿಯರಿಗೆ ಬುಧವಾರಕ್ಕೆ ಈ ಭಾಗ್ಯ ಮುಗಿಯುತ್ತದೆ ಎಂಬುದು ಒಮ್ಮೆಲೇ ನೆನಪಾಯಿತು. ಇಡೀ ಬೇಸಿಗೆ ಪರೀಕ್ಷೆ, ಕೆಲಸ ಅಂತ ಕಳೆದುಹೋಗಿತ್ತು. ಫೋನಿನಲ್ಲಿ ನಕಾಶೆ ತೆಗೆದು, ಪಾಸು ಎಲ್ಲಿಯವರೆಗೆ ನಡೆಯುತ್ತದೋ ಅಲ್ಲಿಯವರೆಗೆ ಬೆರಳಾಡಿಸಿದರು. ಪೂರ್ವಕ್ಕೆ ಹೋದರೆ ಡ್ರೆಸ್ಡೆನ್, ಆಮೇಲೆ ಬೌಟ್ಸೆನ್, ಕಡೆಗೆ ಗೋರ್ಲಿಟ್ಸ್. ಅಲ್ಲಿಗೆ ದೇಶ ಮುಗಿಯಿತು. ಊರ ಅಂಚಿಗೆ ಒಂದು ನದಿ, ನದಿಯ ಮೇಲೆ ನಡೆದು ಹೋಗುವ ಸೇತುವೆ, ಆಚೆ ಪೋಲೆಂಡ್.

"ನಡಕೋತ ಫಾರಿನ್ನಿಗೆ ಹೋಗಿ ಬರೂಣು," ಅಂದಳು ಒಬ್ಬಳು.

"ನಾವು ಈಗ ಇರೂದ ಫಾರಿನ್ನಿನಾಗಲೇ," ಅಂದಳು ಇನ್ನೊಬ್ಬಳು.

ಬೆಳಗ್ಗೆ ಐದಕ್ಕೆದ್ದು ಚಪಾತಿ ಮಾಡಿ, ಶೇಂಗಾ ಚಟ್ನಿ ಹಚ್ಚಿ ಸುತ್ತಿಕೊಂಡರು. ನಲ್ಲಿಯ ನೀರು ತುಂಬಿದ ಎರಡು ಬಾಟಲಿ, ಎರಡು ಪಾಸ್‌ಪೋರ್ಟು, ರೈಲಿನಲ್ಲಿ ಆಗ ಇನ್ನೂ ಕಡ್ಡಾಯವಾಗಿದ್ದ ಮಾಸ್ಕು. ತಯಾರಿ ಅಷ್ಟೇ.

ಒಬ್ಬಳು ಗದಗದವಳು. ಇನ್ನೊಬ್ಬಳು ಪುಣೆಯವಳು. ಪುಣೆಯವಳ ಅಜ್ಜ ಅಕ್ಕಲಕೋಟೆ ಕಡೆಯವರು. 1967ರಲ್ಲಿ ಮಹಾಜನ ಆಯೋಗ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿಯೂ ಮಹಾರಾಷ್ಟ್ರದಲ್ಲೇ ಉಳಿದ ಅಕ್ಕಲಕೋಟೆ. ಹಾಗಾಗಿ ಅವಳದು ಮನೆಯ ಕನ್ನಡ: ಮಾತು ಸರಾಗ, ಓದು ಅಕ್ಷರ ಕೂಡಿಸಿ ಕೂಡಿಸಿ, ಲೆಕ್ಕ ಮರಾಠಿಯಲ್ಲಿ. ಗದಗದವಳು ಯಾವುದನ್ನು 'ಸೋವಿ' ಅನ್ನುತ್ತಿದ್ದಳೋ ಅದನ್ನು ಇವಳು 'ಸ್ವಸ್ತ' ಅನ್ನುತ್ತಿದ್ದಳು. ಬೆಂಗಳೂರಿನ ಹುಡುಗರು ಇದ್ದಾಗ ಅದು 'ಅಗ್ಗ'ವೂ ಅಲ್ಲ, 'ಚೀಪ್' ಆಗುತ್ತಿತ್ತು. ಸೋವಿಗೆ ಎದುರು ತುಟ್ಟಿ, ಅದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತ.

ಇಬ್ಬರೂ 2021ರ ಅಕ್ಟೋಬರಿನಲ್ಲಿ ಬಂದವರು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಫೀಸು ಇಲ್ಲ ಎಂಬ ಮಾತು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದರೆ ವೀಸಾ ಸಿಗಬೇಕಾದರೆ ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟ್ ಎಂಬ ಬೀಗ ಹಾಕಿದ ಖಾತೆಯಲ್ಲಿ ಮುಂಗಡ ಇಟ್ಟು ತೋರಿಸಬೇಕೆಂಬುದು ಅಷ್ಟಾಗಿ ಹೇಳಿಕೆಗೆ ಬರುವುದಿಲ್ಲ. ಆ ವರ್ಷ ಅದು 10,332 ಯೂರೋ. ಆಗಿನ ದರದಲ್ಲಿ ಒಂಬತ್ತು ಲಕ್ಷ ರೂಪಾಯಿಯ ಹತ್ತಿರ. ಅಲ್ಲಿಗೆ ಹೋದಮೇಲೆ ತಿಂಗಳಿಗೆ 861 ಯೂರೋದಂತೆ ಅದೇ ಹಣ ವಾಪಸು ಬರುತ್ತಿತ್ತು. ಕಾನೂನಿನ ಕಣ್ಣಿಗೆ ಇಬ್ಬರು ಗೆಳತಿಯರೂ ಸಮಾನ: ಇಬ್ಬರಿಗೂ ತಿಂಗಳಿಗೆ 861. ಒಂದೇ ಮಹಡಿ, ಒಂದೇ ಅಳತೆಯ ಕೋಣೆ, ಒಂದೇ ಬಾಡಿಗೆ. ಪುಣೆಯವಳ ಆ ಹಣ ಅಪ್ಪನ ಉಳಿತಾಯದಿಂದ ಬಂದಿತ್ತು, ಗದಗದವಳದ್ದು ಬ್ಯಾಂಕಿನಿಂದ. ಏಳೂವರೆ ಲಕ್ಷ ದಾಟಿದ ವಿದ್ಯಾಸಾಲಕ್ಕೆ ಆಸ್ತಿ ಒತ್ತೆ ಕೇಳುತ್ತಾರೆ. ಅಜ್ಜ ಕಟ್ಟಿಸಿದ ಮನೆಯ ಕಾಗದಪತ್ರ ಬ್ಯಾಂಕಿನ ಕಪಾಟು ಸೇರಿತ್ತು. ಓದು ಮುಗಿಯುವವರೆಗೆ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಅದು ಬೆಳೆಯಬಾರದೆಂದು ಅವಳ ಅಪ್ಪ ತಿಂಗಳು ತಿಂಗಳು ಒಂಬತ್ತು ಸಾವಿರದ ಹತ್ತಿರ ತುಂಬುತ್ತಿದ್ದರು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅದರಲ್ಲಿ ಗುಟ್ಟೇನೂ ಇರಲಿಲ್ಲ, ಕೇಳುವ ಸಂದರ್ಭ ಬಂದಿರಲಿಲ್ಲ ಅಷ್ಟೇ.

ಅವಳ ಅಪ್ಪ ಬಸ್ ಕಂಡಕ್ಟರ್. ಕಂಡಕ್ಟರನ ಮನೆಯಲ್ಲಿ ಬೆಳೆದವರಿಗೆ ಹಣದ ಬಗ್ಗೆ ಬೇರೆಯವರಿಗಿಲ್ಲದ ಒಂದು ಶಿಸ್ತು ಬಂದಿರುತ್ತದೆ. ಚಿಲ್ಲರೆ ಇಲ್ಲದಿದ್ದರೆ ಟಿಕೆಟಿನ ಹಿಂದೆ ಬಾಕಿ ಬರೆದು ಕೊಡುತ್ತಾರಲ್ಲ, ಆ ಬರಹ ಪ್ರಯಾಣಿಕನಿಗೆ ಇಳಿಯುವಾಗ ನೆನಪಾದರೆ ಆಯಿತು, ಇಲ್ಲದಿದ್ದರೆ ಹೋಯಿತು. ಕಂಡಕ್ಟರನಿಗೆ ಅದು ಮರೆಯುವ ಹಾಗಿಲ್ಲ. ದಾರಿಯಲ್ಲಿ ತಪಾಸಣೆಯವರು ಹತ್ತಿದರೆ ಚೀಲದಲ್ಲಿ ಹಣ ಕಡಿಮೆ ಇದ್ದರೂ ಕಷ್ಟ, ಹೆಚ್ಚಿದ್ದರೂ ವಿವರಣೆ ಕೊಡಬೇಕು. ಹೆಚ್ಚಿಗೆ ಉಳಿದ ಐದು ರೂಪಾಯಿ ಮನೆಯ ಊಟದ ಹೊತ್ತಿಗೂ ಅಪ್ಪನನ್ನು ಕಾಡುತ್ತಿದ್ದುದನ್ನು ನೋಡಿ ಬೆಳೆದವಳು ಅವಳು.

ಈ ಇಬ್ಬರ ಹಣಕಾಸು ನಡೆಯುತ್ತಿದ್ದದ್ದು ಸ್ಪ್ಲಿಟ್‌ವೈಸ್ ಎಂಬ ಆ್ಯಪಿನಲ್ಲಿ. ಹಾಸ್ಟೆಲು, ಪೀಜಿಗಳಲ್ಲಿ ಇದ್ದವರಿಗೆಲ್ಲ ಇದು ಗೊತ್ತು. ಅಕ್ಕಿ ತಂದವರು ಬರೆಯುತ್ತಾರೆ, ಎಣ್ಣೆ ತಂದವರು ಬರೆಯುತ್ತಾರೆ, ಯಾರು ಯಾರಿಗೆ ಎಷ್ಟು ಕೊಡಬೇಕೆಂದು ಅದು ಹೇಳುತ್ತದೆ. ಪುಣೆಯವಳು ಅರ್ಧ ಖರ್ಚುಗಳನ್ನು ಬರೆಯುತ್ತಲೇ ಇರಲಿಲ್ಲ. "ಬಿಡಲೇ, ಎರಡು ಯೂರೋದ ಮಾತು" ಅನ್ನುತ್ತಿದ್ದಳು. ಗದಗದವಳು 1 ಯೂರೋ 37 ಸೆಂಟನ್ನೂ ಅದೇ ದಿನ ಬ್ಯಾಂಕಿನಿಂದ ಕಳಿಸಿ ಮುಗಿಸುತ್ತಿದ್ದಳು. ಇವಳಿಗೆ ಅವಳದು ಗೆಳೆತನದ ನಡುವೆ ಅಂಗಡಿ ತೆರೆದಂತೆ ಕಾಣುತ್ತಿತ್ತು. ಅವಳಿಗೆ ಇವಳದು ದೊಡ್ಡಸ್ತಿಕೆಯಂತೆ ಕಾಣುತ್ತಿತ್ತು. 'ಬಿಡು' ಅನ್ನುವುದು ಬಹಳ ಉದಾರವಾದ ಮಾತೇನೋ ಹೌದು. ಆದರೆ ಅದನ್ನು ಅನ್ನಲು ಎಲ್ಲರಿಗೂ ಬರುವುದಿಲ್ಲ, ಬಿಡಲು ಮೊದಲು ಕೈಯಲ್ಲಿರಬೇಕು.

ಡ್ರೆಸ್ಡೆನ್‌ನಲ್ಲಿ ರೈಲು ಬದಲಿಸಿದರು. ಮುಂದಿನ ಗಾಡಿಯಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಪಾಸು ಮುಗಿಯುವ ಮುಂಚೆ ಎಲ್ಲರಿಗೂ ಎಲ್ಲಿಗಾದರೂ ಹೋಗಬೇಕಿತ್ತು. ಬೌಟ್ಸೆನ್ ಬಂದಾಗ ಪುಣೆಯವಳು ಫಲಕ ನೋಡಿ ಗದಗದವಳ ತೋಳು ಜಗ್ಗಿದಳು. ಊರ ಹೆಸರು ಎರಡು ಭಾಷೆಯಲ್ಲಿತ್ತು: ಬೌಟ್ಸೆನ್, ಅದರ ಜೊತೆ ಬುದಿಶಿನ್. ಎರಡನೆಯದು ಸೋರ್ಬಿಯನ್. ಪೋಲಿಷ್, ಚೆಕ್ ಭಾಷೆಗಳ ನಂಟಿನ, ಜರ್ಮನಿಯ ಒಳಗೇ ಉಳಿದುಕೊಂಡು ಬಂದ ಸಣ್ಣ ಭಾಷೆ. ಅದನ್ನು ತಮ್ಮದೆನ್ನುವ ಜನ ಸುಮಾರು ಅರವತ್ತು ಸಾವಿರ. "ಸೊಲ್ಲಾಪುರ ಸ್ಟೇಶನ್ನಿನಾಗ ಕನ್ನಡ ಬೋರ್ಡು ನೋಡಿದಂಗ ಆತು," ಅಂದಳು ಪುಣೆಯವಳು.

ಗೋರ್ಲಿಟ್ಸ್ ಚಂದದ ಊರು. ಎರಡನೆಯ ಮಹಾಯುದ್ಧದ ಬಾಂಬುಗಳು ಅದನ್ನು ಹೆಚ್ಚು ಮುಟ್ಟಲಿಲ್ಲ. ನೂರಾರು ವರ್ಷದ ಬೀದಿಗಳು ಹಾಗೇ ಉಳಿದಿವೆ, ಆ ಕಾರಣಕ್ಕೆ ಸಿನಿಮಾದವರಿಗೆ ಪ್ರೀತಿ. 2014ರಲ್ಲಿ ಬಂದ 'ದಿ ಗ್ರ್ಯಾಂಡ್ ಬುಡಾಪೆಸ್ಟ್ ಹೋಟೆಲ್' ಚಿತ್ರದ ಹೋಟೆಲು ನಿಜವಾಗಿ ಇಲ್ಲಿನ ಒಂದು ಹಳೆಯ ಬಟ್ಟೆಬರೆ ಮಳಿಗೆ. ಅದರ ಮುಂದೆ ಫೋಟೋ ತೆಗೆದುಕೊಂಡದ್ದಾಯಿತು. ಊರ ನಡುವಿನ ಬೆಂಚಿನ ಮೇಲೆ ಕೂತು ಚಪಾತಿ ತಿಂದದ್ದಾಯಿತು. ಅಲ್ಲಿಯವರೆಗೆ ಆ್ಯಪಿನಲ್ಲಿ ಬರೆಯುವಂಥ ಒಂದು ಸೆಂಟಿನ ಖರ್ಚೂ ಇರಲಿಲ್ಲ, ಇಬ್ಬರೂ ನಗುತ್ತಿದ್ದರು.

ಪೀಟರ್ ಚರ್ಚಿನ ಕೆಳಗೆ ಇಳಿದರೆ ನೈಸೆ ನದಿ. ನದಿ ಅನ್ನುವುದಕ್ಕಿಂತ ನಮ್ಮ ಕಡೆಯ ದೊಡ್ಡ ಹಳ್ಳ ಅನ್ನಬಹುದು, ಈ ದಡದಿಂದ ಕೂಗಿದರೆ ಆ ದಡಕ್ಕೆ ಕೇಳುತ್ತದೆ. 1945ರ ಮೇ 7ರಂದು, ಯುದ್ಧ ಮುಗಿಯಲು ಒಂದೇ ದಿನವಿರುವಾಗ, ಹಿಂದೆ ಸರಿಯುತ್ತಿದ್ದ ಜರ್ಮನ್ ಸೇನೆ ಇಲ್ಲಿದ್ದ ಹಳೆಯ ಸೇತುವೆಯನ್ನು ಸಿಡಿಸಿತು. ಯುದ್ಧದ ಮೇಲೆ ನದಿಯೇ ಗಡಿಯಾಯಿತು. ಒಂದೇ ಊರು ಎರಡು ದೇಶವಾಯಿತು. ಪೂರ್ವ ದಡದ ಜರ್ಮನರನ್ನು ಹೊರಹಾಕಲಾಯಿತು. ಸೋವಿಯತ್ ಒಕ್ಕೂಟದ ಪಾಲಾದ ತಮ್ಮ ಊರುಗಳನ್ನು ಕಳೆದುಕೊಂಡ ಪೋಲಿಷ್ ಜನ ಆ ಮನೆಗಳಿಗೆ ಬಂದರು. ಪೂರ್ವದ ಅರ್ಧಕ್ಕೆ ಜ್ಗೊಜೆಲೆಟ್ಸ್ ಎಂದು ಹೆಸರು. ಕೇಳಲು ಬೇರೆ ಅನ್ನಿಸಿದರೂ ಗೋರ್ಲಿಟ್ಸ್, ಜ್ಗೊಜೆಲೆಟ್ಸ್ ಎರಡೂ ಒಂದೇ ಹಳೆಯ ಸ್ಲಾವಿಕ್ ಪದದ ಎರಡು ರೂಪ. ಸುಟ್ಟ ಜಾಗ ಎಂದು ಅರ್ಥ. ಸಿಡಿದ ಸೇತುವೆಯ ಜಾಗದಲ್ಲಿ ಕಾಲುಸೇತುವೆ ಬಂದದ್ದು 2004ರಲ್ಲಿ, ಪೋಲೆಂಡ್ ಯುರೋಪಿಯನ್ ಒಕ್ಕೂಟ ಸೇರಿದ ವರ್ಷ. 2007ರ ಡಿಸೆಂಬರಿನಿಂದ ಪಾಸ್‌ಪೋರ್ಟ್ ತಪಾಸಣೆಯೂ ಹೋಯಿತು.

ಸೇತುವೆಯ ನಡುವೆ ನಿಂತು, ಒಂದು ಕಾಲು ಅಲ್ಲಿ ಒಂದು ಕಾಲು ಇಲ್ಲಿ ಇಟ್ಟು ಇನ್ನೊಂದು ಫೋಟೋ. ಚೀಲದಲ್ಲಿದ್ದ ಪಾಸ್‌ಪೋರ್ಟನ್ನು ಕೇಳುವವರೇ ಇರಲಿಲ್ಲ. ವೀಸಾಕ್ಕೆಂದು ಮುಂಬೈಗೆ, ಬೆಂಗಳೂರಿಗೆ ಎಷ್ಟು ಸಲ ಓಡಾಡಿದ ಕಾಗದವನ್ನು ಯಾರೂ ತಿರುಗಿಯೂ ನೋಡಲಿಲ್ಲವೆಂದು ಪುಣೆಯವಳಿಗೆ ಬೇಜಾರೂ ಆಯಿತಂತೆ.

ಆಚೆ ದಡದಲ್ಲಿ ಮೊದಲು ಕಾಣುವುದು ಸಿಗರೇಟಿನ ಅಂಗಡಿಗಳು, ಬೋರ್ಡು ಜರ್ಮನ್ ಭಾಷೆಯಲ್ಲೇ. ಆ ಬದಿಯ ಜನ ಈ ಬದಿಗೆ ಸೋವಿ ಸಿಗರೇಟಿಗೆ ಬರುತ್ತಾರೆ. ಗಡಿ ಅಂದರೆ ಎಲ್ಲಾ ಕಡೆ ಇದೇ ವ್ಯವಹಾರ, ಗೋವಾ ಗಡಿಯ ಪೆಟ್ರೋಲ್ ಬಂಕುಗಳನ್ನು ನೋಡಿದವರಿಗೆ ಹೇಳಬೇಕಿಲ್ಲ. ಇಬ್ಬರೂ ಸೇರಿ 10 ಯೂರೋ ಕೊಟ್ಟು 46 ಜ್ವೋಟಿ ಪಡೆದರು. ಒಂದು ಸಣ್ಣ ಹೋಟೆಲಿನಲ್ಲಿ ಒಂದು ತಟ್ಟೆ ಪಿಯೆರೋಗಿ ತರಿಸಿ ಹಂಚಿಕೊಂಡರು. ಬಟಾಟಿ ಮತ್ತು ಪನೀರಿನಂಥದ್ದನ್ನು ತುಂಬಿ, ಅರ್ಧಚಂದ್ರದಂತೆ ಮಡಚಿ ನೀರಲ್ಲಿ ಬೇಯಿಸಿ, ಮೇಲೆ ಹುರಿದ ಉಳ್ಳಾಗಡ್ಡಿ ಹಾಕಿದ ತಿಂಡಿ. ಖಾರದ ಕಡುಬು ಎಂದು ಗದಗದವಳು ತೀರ್ಮಾನ ಕೊಟ್ಟಳು, ಖಾರ ಮಾತ್ರ ಇರಲಿಲ್ಲ.

ಅಲ್ಲೇ ಹತ್ತಿರದಲ್ಲಿ ಯಾಕೋಬ್ ಬೋಮೆ ಎಂಬ ಚಪ್ಪಲಿ ಹೊಲಿಯುವವನ ಮನೆ ಇದೆ. 1575ರಲ್ಲಿ ಹುಟ್ಟಿದವನು. ಒಂದು ಲೋಹದ ತಟ್ಟೆಯ ಮೇಲೆ ಬಿದ್ದ ಬೆಳಕನ್ನು ನೋಡಿ ಅವನಿಗೆ ದರ್ಶನವಾಯಿತು, 1612ರಲ್ಲಿ ಅದನ್ನು ಪುಸ್ತಕ ಮಾಡಿ ಬರೆದ, ಊರ ಪಾದ್ರಿ ಬರೆಯದಂತೆ ತಡೆ ತಂದ, ಕೆಲವು ವರ್ಷ ಸುಮ್ಮನಿದ್ದು ಮತ್ತೆ ಬರೆದ. ಅವನು ಬದುಕಿದ ಮನೆ ಈಗ ಪೋಲೆಂಡಿನಲ್ಲಿದೆ, ಸಮಾಧಿ ಜರ್ಮನಿಯಲ್ಲಿ. ಹರಳಯ್ಯನ ಹಾಗೆ ಅಂತ ಗದಗದವಳಿಗೆ ಅನ್ನಿಸಿತು. ಹರಳಯ್ಯ ಯಾರು ಅಂತ ಪುಣೆಯವಳು ಕೇಳಿದಳು. ಕಲ್ಯಾಣದ ಕಥೆ ಹೇಳುತ್ತ ಹೇಳುತ್ತ ಇಬ್ಬರೂ ರೈಲು ನಿಲ್ದಾಣದ ಕಡೆ ಬಂದಿದ್ದರು. ಯಾಕೆ ಅಲ್ಲಿಗೇ ಬಂದರು ಎಂಬುದರಲ್ಲಿ ಇಬ್ಬರೂ ಈಗ ಹೇಳುವ ಕಥೆ ಕೂಡಿ ಬರುವುದಿಲ್ಲ. ಸುಮ್ಮನೆ ದಾರಿ ಹಾಗೆ ಬಂತು ಅನ್ನುತ್ತಾಳೆ ಪುಣೆಯವಳು. ಅವಳು ಬೆಳಗ್ಗೆಯೇ ಯೋಚಿಸಿದ್ದಳು ಅನ್ನುತ್ತಾಳೆ ಗದಗದವಳು.

ನಿಲ್ದಾಣದ ವೇಳಾಪಟ್ಟಿಯಲ್ಲಿ ವ್ರೊಟ್ಸ್ವಾಫ್ ಎಂದಿತ್ತು. ಎರಡೂವರೆ ಗಂಟೆಯ ದಾರಿ, ದೊಡ್ಡ ಊರು, ಹಳೆಯ ಚೌಕ, ರಾತ್ರಿಯ ದೀಪ. ನಾಳೆ ಭಾನುವಾರ. ಪುಣೆಯವಳು ಆಗಲೇ ಫೋನು ತೆಗೆದಿದ್ದಳು.

"ಹೋಗೂಣೇನ? ರೈಲು, ಹಾಸ್ಟೆಲ್ಲು, ಊಟ ಎಲ್ಲಾ ಸೇರಿ ಒಬ್ಬಬ್ಬರಿಗೆ ಮೂವತ್ತ ಯೂರೋ ಅಷ್ಟ. ಬಾಳ ಸ್ವಸ್ತ ಐತಿ."

"ನಾ ಬರಂಗಿಲ್ಲ."

"ಯಾಕಲೇ? ಮತ್ತ ಯಾವಾಗ ಬರ್ತೀವಿ?"

"ನಾಳೆ ರಾತ್ರಿ ಕೆಲಸ ಐತಿ."

"ರಾತ್ರಿ ಅಂದ್ರ ಹತ್ತಕ್ಕ. ಅಷ್ಟರಾಗ ಬರ್ತೀವಿ. ರೊಕ್ಕದ ಚಿಂತಿ ಆದ್ರ ನಾ ಕೊಡ್ತೀನಿ ತೊಗೋ. ಆಮ್ಯಾಲ ಕೊಡ್ವಂತಿ. ಕೊಡದಿದ್ರೂ ನಡಿತೈತಿ."

ಕೊನೆಯ ಮಾತನ್ನು ಅವಳು ಆಡಬಾರದಿತ್ತು ಅಂತ ಈಗ ಅನ್ನಿಸಬಹುದು. ಆದರೆ ಆಡದೆ ಹೋಗಿದ್ದರೆ ಉಳಿದದ್ದೂ ಹೊರಗೆ ಬರುತ್ತಿರಲಿಲ್ಲ. ಗದಗದವಳು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ಯಾರಿಗೋ ವರದಿ ಒಪ್ಪಿಸುವವಳಂತೆ ಲೆಕ್ಕ ಹೇಳಿದಳು. ಪಾರ್ಸೆಲ್ ಗೋದಾಮಿನಲ್ಲಿ ಅವಳಿಗೆ ಗಂಟೆಗೆ 10 ಯೂರೋ 45 ಸೆಂಟು, ಆ ಜುಲೈನಿಂದ ಜರ್ಮನಿಯ ಕನಿಷ್ಠ ಕೂಲಿ ಅಷ್ಟೇ. ಮೂವತ್ತು ಯೂರೋ ಅಂದರೆ ಹತ್ತಿರ ಹತ್ತಿರ ಮೂರು ಗಂಟೆ ಪೆಟ್ಟಿಗೆ ಎತ್ತುವುದು. ಊರಿನ ಲೆಕ್ಕದಲ್ಲಿ ಎರಡು ಸಾವಿರದ ನಾನೂರು ರೂಪಾಯಿ, ಅಪ್ಪ ತುಂಬುವ ಬಡ್ಡಿಯ ಕಾಲು ಭಾಗಕ್ಕಿಂತ ಹೆಚ್ಚು. ಅದೂ ಹೋಗಲಿ. ಅಕ್ಟೋಬರಿನಲ್ಲಿ ಅವಳ ವಾಸದ ಪರವಾನಗಿ ಮುಗಿಯುತ್ತದೆ. ಮುಂದುವರಿಸಬೇಕಾದರೆ ಬರುವ ವರ್ಷದ ಖರ್ಚಿಗೆ ದಾರಿ ಇದೆಯೆಂದು ಮತ್ತೆ ತೋರಿಸಬೇಕು. ಮನೆ ಮೇಲೆ ಇನ್ನೂ ಸಾಲ ಕೇಳುವ ಹಾಗಿಲ್ಲ. ಹಾಗಾಗಿ ಮಾರ್ಚಿನಿಂದ ಅವಳು ತಿಂಗಳ 861ರಲ್ಲಿ ಉಳಿಸುತ್ತ, ಕೆಲಸದ ಹಣ ಮುಟ್ಟದೆ ಇಡುತ್ತ ಬಂದಿದ್ದಳು. ಬ್ಯಾಂಕಿನ ಪುಟದಲ್ಲಿ ಇರುವ ಅಂಕಿ ನೋಡಿಯೇ ಅವಳು ದಿನಾ ಮಲಗುವುದು.

"ನಿನಗ 'ಆಮ್ಯಾಲ' ಅನ್ನೂದು ಐತಿ. ನನಗ ಅಕ್ಟೋಬರ್ ಐತಿ," ಅಂದಳಂತೆ.

ಪುಣೆಯವಳಿಗೂ ಅಕ್ಟೋಬರಿನಲ್ಲೇ ಪರವಾನಗಿ ಮುಗಿಯುತ್ತಿತ್ತು. ಅಪ್ಪನಿಗೆ ಒಂದು ಮಾತು ಹೇಳಿದ್ದಳು, ಹಣ ಬರುತ್ತದೆ ಅಂದಿದ್ದರು, ಅವಳು ಮರೆತಿದ್ದಳು. ಒಂದೇ ಅಡುಗೆಮನೆಯಲ್ಲಿ ಹನ್ನೊಂದು ತಿಂಗಳು ಒಟ್ಟಿಗೆ ಉಂಡ ಇಬ್ಬರಲ್ಲಿ ಒಬ್ಬಳು ಮರೆತದ್ದನ್ನು ಇನ್ನೊಬ್ಬಳು ದಿನಾ ರಾತ್ರಿ ತೆಗೆದು ನೋಡುತ್ತಿದ್ದಳು.

ಬಜೆಟ್ ಪ್ರವಾಸದ ಬಗ್ಗೆ ಬರೆಯುವವರು, ವಿಡಿಯೋ ಮಾಡುವವರು ಈಗ ಬಹಳ ಜನ. ಇಷ್ಟೇ ದುಡ್ಡಿನಲ್ಲಿ ಇಷ್ಟು ದೇಶ, ನೆಲದ ಮೇಲೆ ಮಲಗಿದೆವು, ಬ್ರೆಡ್ಡು ತಿಂದು ದಿನ ದೂಡಿದೆವು ಎಂಬ ಹೆಮ್ಮೆ. ಅದರಲ್ಲಿ ಒಂದು ಆಟದ ಖುಷಿ ಇದೆ, ಸುಳ್ಳಲ್ಲ. ಆದರೆ ಆಟ ಸಾಕಾದಾಗ ಎದ್ದು ಹೋಗಿ ಹೋಟೆಲಿನಲ್ಲಿ ಕೋಣೆ ಹಿಡಿಯಬಲ್ಲವರು ಆಡುವ ಆಟ ಅದು. ಪುಣೆಯವಳಿಗೆ ಆ ದಿನದ ಚಪಾತಿ, ನಲ್ಲಿ ನೀರು, ಹಂಚಿಕೊಂಡ ಒಂದು ತಟ್ಟೆ, ಎಲ್ಲವೂ ಪ್ರವಾಸದ ಮಜಾ. ಗದಗದವಳಿಗೆ ಅದು ಸೋಮವಾರದಂತೆಯೇ ಇನ್ನೊಂದು ದಿನ, ಊರು ಮಾತ್ರ ಬೇರೆ.

ವ್ರೊಟ್ಸ್ವಾಫ್ ರೈಲು ಬಂದು ಹೋಯಿತು. ಇಬ್ಬರೂ ನೋಡಿದರು. ಆಮೇಲೆ ಎದ್ದು, ಮಾತಿಲ್ಲದೆ, ಬಂದ ದಾರಿಯಲ್ಲೇ ಸೇತುವೆ ದಾಟಿದರು. ಉಳಿದಿದ್ದ ಇಪ್ಪತ್ತು ಚಿಲ್ಲರೆ ಜ್ವೋಟಿಯನ್ನು ಮರಳಿ ಯೂರೋ ಮಾಡಿಸುವುದನ್ನು ಇಬ್ಬರೂ ಮರೆತರು. ಗೋರ್ಲಿಟ್ಸ್ ರೈಲಿನಲ್ಲಿ ಗದಗದವಳ ಫೋನು ಬಂತು.

"ಎಲ್ಲಿದ್ದೀ ಯವ್ವಾ?"

"ಪೋಲೆಂಡಿಗೆ ಹೋಗಿದ್ವಿ ಅಪ್ಪಾ, ಈಗ ವಾಪಸ್ ಹೊಂಟೇವಿ."

"ಟಿಕೆಟ್ ಎಷ್ಟಾತು?"

"ಟಿಕೆಟ್ ಇಲ್ಲ. ನಡಕೋತ ಹೋದ್ವಿ."

ಅತ್ತ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಬೇರೆ ದೇಶಕ್ಕೆ ಟಿಕೆಟ್ ಇಲ್ಲದೆ ಹೋಗುವುದು ಮೂವತ್ತು ವರ್ಷ ಟಿಕೆಟ್ ಹರಿದ ಮನುಷ್ಯನಿಗೆ ಒಮ್ಮೆಲೇ ಜೀರ್ಣವಾಗಲಿಲ್ಲ. "ಚೆಕ್ಕಿಂಗಿನವರು ಬಂದ್ರ?" ಎಂದು ಕೇಳಿದರು. ಸ್ಪೀಕರಿನಲ್ಲಿ ಕೇಳುತ್ತಿದ್ದ ಪುಣೆಯವಳಿಗೆ ನಗು ತಡೆಯಲಾಗಲಿಲ್ಲ. ಗದಗದವಳೂ ನಕ್ಕಳು. ಡ್ರೆಸ್ಡೆನ್ ಬರುವ ಹೊತ್ತಿಗೆ ಟಿಕೆಟಿನ ಹಿಂದೆ ಬಾಕಿ ಬರೆಯುವ ಕಥೆಯೆಲ್ಲ ಪುಣೆಯವಳಿಗೆ ಗೊತ್ತಾಗಿತ್ತು.

ಅಕ್ಟೋಬರ್ ಹೇಗೋ ದಾಟಿತು. ಗದಗದವಳಿಗೆ ಸೆಪ್ಟೆಂಬರಿನಲ್ಲಿ ವಿಭಾಗದಲ್ಲೇ ಸಹಾಯಕಿಯ ಕೆಲಸ ಸಿಕ್ಕಿತು. ಆ ಕರಾರುಪತ್ರವನ್ನೂ ಖಾತೆಯ ಲೆಕ್ಕವನ್ನೂ ಸೇರಿಸಿ ಕೊಟ್ಟಳು, ಪರವಾನಗಿ ಬಂತು. ಗೆಳೆತನ ಮುರಿಯಲಿಲ್ಲ, ಮೊದಲಿನ ಹಾಗೂ ಉಳಿಯಲಿಲ್ಲ. ಪುಣೆಯವಳು ಎಲ್ಲಾ ಖರ್ಚು ಬರೆಯತೊಡಗಿದಳು, ಎಂಬತ್ತು ಸೆಂಟಿನ ಕೊತ್ತಂಬರಿಯನ್ನೂ. 'ಬಿಡು' ಅನ್ನುವುದನ್ನು ಬಿಟ್ಟಳು. ಅದು ಗದಗದವಳಿಗೆ ಮೊದಮೊದಲು ಇನ್ನೂ ಹೆಚ್ಚು ಚುಚ್ಚಿತಂತೆ.

ಓದು ಮುಗಿದ ಮೇಲೆ ಗದಗದವಳಿಗೆ ಸ್ಟುಟ್‌ಗಾರ್ಟ್ ಕಡೆ ನೌಕರಿ ಆಯಿತು. ಸಾಲದ ಕಂತು ಈಗ ಅವಳೇ ಕಟ್ಟುತ್ತಾಳೆ. ಮನೆಯ ಪತ್ರ ಇನ್ನೂ ಬ್ಯಾಂಕಿನಲ್ಲಿದೆ. ಪುಣೆಯವಳಿಗೆ ಬೇಗ ಕೆಲಸ ಸಿಗಲಿಲ್ಲ. ಪದವಿ ಮುಗಿಸಿದವರಿಗೆ ಕೆಲಸ ಹುಡುಕಲು ಜರ್ಮನಿ ಹದಿನೆಂಟು ತಿಂಗಳು ಕೊಡುತ್ತದೆ, ಅದರಲ್ಲಿ ಹತ್ತು ಕಳೆದಿದ್ದವು. ಅಷ್ಟರಲ್ಲಿ ಅವಳ ಅಪ್ಪ ನಿವೃತ್ತರಾಗಿದ್ದರು, ಇನ್ನು ಮನೆಯಿಂದ ಹಣ ತರಿಸಬಾರದೆಂದು ಅವಳೇ ನಿರ್ಧರಿಸಿದ್ದಳು. ಅದೇ ಕೆಮ್‌ನಿಟ್ಸ್‌ನಲ್ಲಿ ಒಂದು ಬೇಕರಿಯ ಕೌಂಟರಿನಲ್ಲಿ ನಿಲ್ಲುತ್ತಿದ್ದಳು. ನೈಸೆ ಸೇತುವೆಯ ಕಡೆಯೂ ಕಾಲ ಬದಲಾಗಿತ್ತು. 2023ರ ಅಕ್ಟೋಬರಿನಿಂದ ಪೋಲೆಂಡ್ ಗಡಿಯಲ್ಲಿ ಜರ್ಮನಿ ಮತ್ತೆ ತಪಾಸಣೆ ಶುರುಮಾಡಿತ್ತು. 9 ಯೂರೋ ಟಿಕೆಟಿನ ಜಾಗಕ್ಕೆ 49 ಯೂರೋ ಟಿಕೆಟ್ ಬಂದಿತ್ತು.

2024ರ ಬೇಸಿಗೆಯಲ್ಲಿ ಒಂದು ರಾತ್ರಿ ಗದಗದವಳು ಫೋನು ಮಾಡಿದಳು. ಶನಿವಾರ ಭಾನುವಾರ ರಜೆ ಇದೆ, ಶುಕ್ರವಾರ ಸಂಜೆಯೇ ಹೊರಟು ಬರುತ್ತೇನೆ, ಆ ಇಪ್ಪತ್ತು ಜ್ವೋಟಿ ಇನ್ನೂ ಪರ್ಸಿನಲ್ಲೇ ಇದೆ ಅಂದಳು.

"ವ್ರೊಟ್ಸ್ವಾಫಿಗೆ ಹೋಗೂಣೇನಲೇ?"

ಪುಣೆಯವಳು ಕೂಡಲೇ ಉತ್ತರ ಕೊಡಲಿಲ್ಲ.

"ಎಷ್ಟ ಆಗ್ತೈತಿ?" ಎಂದು ಕೇಳಿದಳು.

"ತಡಿ, ಲೆಕ್ಕ ಹಾಕೂಣು. ಚಪಾತಿ ನಾ ಕಟಗೊಂಡು ಬರ್ತೀನಿ."